ಮೆಣಸಿನಕಾಯಿಯ ಪದ ನುಡಿಸಿದ ಪೇಟಿ

ವೈಶಾಖದ ಬಿಸಿಲು ಮಿರಜಿನ ಹೆಂಚುಗಳನ್ನು ಹುರಿಯುತ್ತಿತ್ತು. ಊರೆಲ್ಲ ನೆರಳು ಹುಡುಕುವ ಹೊತ್ತಿನಲ್ಲಿ ದಸ್ತಗೀರ ಮಿಸ್ತ್ರಿ ಸಾಗವಾನಿ ಹಲಗೆಗಳನ್ನು ಅಂಗಳಕ್ಕೆ ತಂದು ಒಂದೊಂದಾಗಿ ಬಿಸಿಲಿಗೆ ಒಡ್ಡುತ್ತಿದ್ದ. ಮಳೆಗಾಲದಲ್ಲಿ ಜೋಡಿಸಿದ ಪೆಟ್ಟಿಗೆ ಬೇಸಿಗೆ ಬಂದರೆ ಬಾಯಿ ಬಿಡುತ್ತದೆ, ಬೇಸಿಗೆಯಲ್ಲಿ ಜೋಡಿಸಿದ್ದು ಸಾಯುವ ತನಕ ಬಾಯಿ ಮುಚ್ಚಿಕೊಂಡಿರುತ್ತದೆ ಎಂಬುದು ಅವನ ನಂಬಿಕೆ. ಹಾಗೆ ಆ ಬಿಸಿಲಿನಲ್ಲಿ ಹುಟ್ಟಿದ್ದು ನಾನು. ಪಟ್ಟಣದವರು ನನ್ನನ್ನು ಹಾರ್ಮೋನಿಯಂ ಎನ್ನುತ್ತಾರೆ. ನಾನು ಬಾಳಿದ ಸೀಮೆಯಲ್ಲಿ ಪೇಟಿ ಎಂದೇ ಹೆಸರು.

ಗಾಳಿಯನ್ನು ಸೆರೆ ಹಿಡಿಯುವುದು ನನ್ನ ಕಸುಬು. ಹಿಂದಿನ ತಿದಿ ಒತ್ತಿದರೆ ಗಾಳಿ ಒಳಗೆ ಬರುತ್ತದೆ. ಮುಂದೆ ಯಾರಾದರೂ ಒಂದು ಮನೆಯ ಮೇಲೆ ಬೆರಳಿಟ್ಟು ಒತ್ತುವ ತನಕ ಅದಕ್ಕೆ ಹೊರಗೆ ದಾರಿಯಿಲ್ಲ. ಕರಿ, ಬಿಳಿ ಪಟ್ಟಿಗಳಿಗೆ ನಮ್ಮಲ್ಲಿ ಮನೆ ಎನ್ನುತ್ತಾರೆ. ಪ್ರತಿ ಮನೆಯ ಕೆಳಗೂ ಹಿತ್ತಾಳೆಯದೊಂದು ತೆಳ್ಳನೆಯ ನಾಲಿಗೆ. ಬಾಗಿಲು ತೆರೆದಾಗ ಗಾಳಿ ಆ ನಾಲಿಗೆಯನ್ನು ಸವರಿಕೊಂಡು ಓಡಿಹೋಗುತ್ತದೆ. ಜನ ಅದನ್ನು ಸ್ವರ ಎಂದು ಕರೆಯುತ್ತಾರೆ. ನನ್ನನ್ನು ಕೇಳಿದರೆ ಅದು ಬಿಡುಗಡೆಯಾದವನು ಹಾಕುವ ಕೂಗು.

ದಸ್ತಗೀರ ನನ್ನನ್ನು ಕೊಟ್ಟದ್ದು ನಿಂಗಯ್ಯ ಮಾಸ್ತರರಿಗೆ. ಅವರು ಶಾಲೆಯ ಮಾಸ್ತರರಲ್ಲ, ಪೇಟಿ ಮಾಸ್ತರರು. ಧಾರವಾಡದ ಕಡೆಯ ಗುಬ್ಬಿಕೊಪ್ಪ ಎಂಬ ಎರೆಭೂಮಿಯ ಊರು ಅವರದು. ಸೋಮವಾರ ಸಂಜೆ ಅವರ ಪಡಸಾಲೆಯಲ್ಲಿ ಭಜನೆ. ಉಳಿದ ದಿನ ಹೊಲ, ಎತ್ತು, ಮೆಣಸಿನಕಾಯಿ. ಮಾಘದಲ್ಲಿ ಕೊಯ್ಲು ಮುಗಿದರೆ ಅವರ ಅಂಗಳ ಅಂಗಳವಾಗಿ ಉಳಿಯುತ್ತಿರಲಿಲ್ಲ. ಕಣ್ಣು ಹಾಯಿಸಿದಷ್ಟೂ ಕೆಂಪು ಹಾಸು. ಹೆಂಗಸರು ತಲೆಗೆ ಸೆರಗು ಸುತ್ತಿಕೊಂಡು ಸಾಲಾಗಿ ಕುಳಿತು ಒಣಗಿದ ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರ ಸೀನು, ನಗೆ, ಬೈಗುಳ ಎಲ್ಲ ಖಾರದ ದೂಳಿನೊಂದಿಗೆ ಪಡಸಾಲೆಗೆ ಬರುತ್ತಿದ್ದವು. ಸಾಗವಾನಿ ಎಷ್ಟು ಬಾಯಿ ಮುಚ್ಚಿಕೊಂಡಿದ್ದರೇನು, ತಿದಿ ಎಳೆದುಕೊಳ್ಳುವ ಉಸಿರಿನಲ್ಲೇ ಖಾರವಿದ್ದರೆ ನಾನೇನು ಮಾಡಲಿ. ಕೆಲವು ವರ್ಷಗಳಲ್ಲಿ ನನ್ನ ದನಿ ಒರಟಾಯಿತು. ಒಂದು ಕರಿ ಮನೆಯ ನಾಲಿಗೆಯಂತೂ ದೂಳು ಹಿಡಿದು ಮೂಕವಾಯಿತು.

"ಇರಲಿ ಬಿಡ್ರಿ," ಎಂದರು ಮಾಸ್ತರರು, ಯಾರೋ ರಿಪೇರಿಯ ಮಾತು ತೆಗೆದಾಗ. "ಮನುಷ್ಯಾಗೂ ಒಂದ ಮಾತ ನುಂಗೂದು ಗೊತ್ತಿರಬೇಕು."

ಅವರ ಭಜನೆಯಲ್ಲೊಂದು ರೂಢಿಯಿತ್ತು. ಯಾವ ಪದ ಎತ್ತಿಕೊಂಡರೂ ಮೊದಲು ಅದು ಯಾರ ಧಾಟಿ ಎಂದು ಹೇಳಬೇಕು. ಧಾಟಿ ತನ್ನದೇ ಆಗಿದ್ದರೂ "ಇದು ನನ್ನದು" ಎನ್ನುವ ಹಾಗಿಲ್ಲ. ಕಲಿಸಿದವರ ಹೆಸರು ಹೇಳಬೇಕು. ಪದದ ಕಡೆಯ ಸಾಲಿನಲ್ಲಿ ಅಂಕಿತವೂ ಹಾಗೆಯೇ. ಕಟ್ಟಿದವರ ಹೆಸರು ಅಲ್ಲಿರಬಾರದು, ಗುರುವಿನದೋ ದೇವರದೋ ಇರಬೇಕು. "ನಂದು ಅಂದಾಂವ ಅಲ್ಲಿಗೇ ಕೆಟ್ಟ," ಎನ್ನುತ್ತಿದ್ದರು ಮಾಸ್ತರರು. ತಾವು ಕಟ್ಟಿದ ಪದಗಳನ್ನೆಲ್ಲ ಅವರು ತಮ್ಮ ಗುರುವಿಗೆ ಒಪ್ಪಿಸಿಬಿಟ್ಟಿದ್ದರು.

ತೊಟ್ಟು ಬಿಡಿಸುವವರಲ್ಲಿ ಫಕೀರವ್ವ ಎಂಬವಳಿದ್ದಳು. ಗಂಡ ತೀರಿದ ಮೇಲೆ ತವರೂರಿಗೆ ಬಂದು ನೆಲೆಸಿದವಳು. ಅವಳು ಕುಳಿತುಕೊಳ್ಳುತ್ತಿದ್ದುದು ಪಡಸಾಲೆಯ ಮೆಟ್ಟಿಲಿಗೆ ಹತ್ತಿರ. ನಾನು ನೆಲದ ಮೇಲಿರುವ ಪ್ರಾಣಿ, ಮನುಷ್ಯರ ಕೈಕಾಲುಗಳೇ ನನಗೆ ಮುಖ. ಅವಳ ಬೆರಳ ತುದಿಗಳು ಖಾರಕ್ಕೆ ಸುಲಿದು ಕೆಂಪಗಿದ್ದವು. ಒಳಗೆ ಮಾಸ್ತರರು ನುಡಿಸುವಾಗ ಹೊರಗೆ ಆ ಬೆರಳುಗಳು ತೊಟ್ಟು ಮುರಿಯುವುದನ್ನು ಮರೆತು ಮೊಣಕಾಲಿನ ಮೇಲೆ ಆಡುತ್ತಿದ್ದವು. ಅದನ್ನು ಒಂದು ದಿನ ಮಾಸ್ತರರು ನೋಡಿದರು.

"ಏ ಫಕೀರವ್ವಾ, ಮೊಳಕಾಲಾಗ ಪೇಟಿ ಐತೇನ ಬೇ? ಕೈ ತೊಳಕೊಂಡು ಒಳಗ ಬಾ."

"ಎಷ್ಟ ತೊಳದ್ರೂ ಖಾರ ಹೋಗೂದಿಲ್ರಿ ಮಾಸ್ತರ್ರ. ನಿಮ್ಮ ಪೇಟಿ ಸೀನೀತು."

"ಅದು ಆಗಲೇ ಸೀನಾಕತ್ತೈತಿ. ಬಾ."

ಹೀಗೆ ಅವಳು ಒಳಗೆ ಬಂದಳು. ಓದು ಬರಹ ಇರಲಿಲ್ಲ. ಕಿವಿಯಿತ್ತು. ನನ್ನ ಮೂಕ ಮನೆಗೆ ಉಳಿದವರು ಬೆರಳಿಟ್ಟು ಬೇಸರಪಡುತ್ತಿದ್ದರು, ಅವಳು ಮಾತ್ರ ದಾರಿಯಲ್ಲಿ ಮಲಗಿದ ಕೂಸನ್ನು ದಾಟದೆ ಬಳಸಿ ಹೋಗುವಂತೆ ಹೋಗುತ್ತಿದ್ದಳು. ಆ ಬಳಸು ದಾರಿಯಲ್ಲಿಯೇ ಒಂದು ಧಾಟಿ ಹುಟ್ಟಿತು. ಮಾಸ್ತರರು ಹಾಸಿಗೆ ಹಿಡಿದಿದ್ದ ವರ್ಷ ಅದು. ಒಂದು ಮಧ್ಯಾಹ್ನ ಅವರ ಹಾಸಿಗೆಯ ಪಕ್ಕದಲ್ಲಿ ನನ್ನನ್ನಿಟ್ಟುಕೊಂಡು ಅವಳು ಹಾಡಿದಳು.

ತೊಟ್ಟ ಬಿಡಿಸಿದರೇನ, ಖಾರ ಬಿಟ್ಟೀತೇನ
ಕೈಯ ತೊಳೆದರೇನ, ಉರಿಯು ಬಿಟ್ಟೀತೇನ
ಕಣ್ಣ ಒರಸಿದವಳೇ, ಕಣ್ಣೀರು ಯಾರದ ಕೇಳ
ಗುರುನಿಂಗ ಬಲ್ಲಾನ ಉರಿಯೊಳಗಿನ ತಂಪ

ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಯಾರ ಧಾಟಿ ಇದು?" ಎಂದರು.

"ನಿಮ್ಮದ ರೀ."

"ನಾ ಇದನ್ನ ಎಂದೂ ಹಾಡಿಲ್ಲಲ್ಲ ಬೇ."

"ಮುಂದ ಯಾವಾಗರ ಹಾಡತಿದ್ರಿ. ನಾ ಸ್ವಲ್ಪ ಮೊದಲ ಹಾಡೀನಿ, ಅಷ್ಟ."

ಮಾಸ್ತರರ ಹೊಟ್ಟೆ ನಗೆಗೆ ಕುಲುಕಿತು. ಬೇರೇನೂ ಹೇಳಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡರು. ಆ ಮಧ್ಯಾಹ್ನ ಅಲ್ಲಿದ್ದದ್ದು ಅವರು, ಅವಳು, ನಾನು. ಅವರು ಹೋದರು. ನನಗೆ ತಾನಾಗಿ ಬಾಯಿಲ್ಲ.

ಮಾಸ್ತರರ ಮಗ ಮೃತ್ಯುಂಜಯ. ಊರಿಗೆ ಮುತ್ತಣ್ಣ. ಅಪ್ಪನ ಕೈ ಅವನಿಗೆ ಬರಲಿಲ್ಲ, ಕಣ್ಣು ಬಂದಿತ್ತು. ಸಂತೆಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ಕುಬಸ, ಗೃಹಪ್ರವೇಶಗಳ ವಿಡಿಯೋ ಮಾಡುತ್ತಿದ್ದ. ಲೆಕ್ಕಕ್ಕೆ ನಾನೀಗ ಅವನ ಸ್ವತ್ತು. "ನನ್ನ ಮನ್ಯಾಗ ಇಲಿ ಬೀಳತಾವು ಅಕ್ಕಾ, ನಿನ್ನ ಕಡೆನ ಇರಲಿ," ಎಂದು ನನ್ನನ್ನು ಫಕೀರವ್ವನ ಮನೆಗೆ ಕಳಿಸಿದ. ಅವಳು ಸೀರೆ ತುಂಡುಗಳ ಕೌದಿ ಹೊಲಿದು ನನಗೆ ಹೊದಿಸಿದಳು. ಭಜನೆಯೂ ಅವಳ ಮನೆಗೇ ಬಂತು. ಆ ವರ್ಷಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಒಳ್ಳೆಯ ವರ್ಷಗಳಿಗೆ ಕಥೆ ಇರುವುದಿಲ್ಲ.

ಹಾಡಿನ ಹಕ್ಕು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಮುತ್ತಣ್ಣನ ಬಾಯಿಂದ. ಮದುವೆಯ ವಿಡಿಯೋಕ್ಕೆ ಅವನು ಸಿನಿಮಾ ಹಾಡು ಹಾಕಿ ಇಂಟರ್ನೆಟ್ಟಿಗೆ ಏರಿಸಿದರೆ, ಹಾಡಿನ ಕಂಪನಿಯವರು ಅದನ್ನು ಇಳಿಸಿಬಿಡುತ್ತಿದ್ದರು. "ಹುಡುಗಿ ನಮ್ಮೂರಾಕಿ, ಹುಡುಗ ನಮ್ಮೂರಾಂವ, ಅಕ್ಕಿಕಾಳ ನಮ್ಮೂರವು. ಹಾಡೊಂದ ಅವರದು. ಅದಕ್ಕ ಇಡೀ ಮದವೀನ ಮುಚ್ಚಿ ಹಾಕ್ಯಾರ ನೋಡ ಅಕ್ಕಾ," ಎಂದು ಅವನು ಫಕೀರವ್ವನ ಕಟ್ಟೆಯ ಮೇಲೆ ಕುಳಿತು ಗೊಣಗುತ್ತಿದ್ದ. ಯಾರದೂ ಅಲ್ಲದ ಹಾಡು ಬೇಕು ಎಂದು ಹುಡುಕುತ್ತಾ ಅವನು ಒಂದು ಸೋಮವಾರ ನಮ್ಮ ಭಜನೆಗೇ ಕ್ಯಾಮೆರಾ ಹಿಡಿದ. ಮೆಣಸಿನಕಾಯಿಯ ಪದ ಹಾಗೆ ಊರು ದಾಟಿತು. ನನ್ನ ಒರಟು ದನಿ, ಫಕೀರವ್ವನ ಗಂಟಲು, ಭಜನೆಯ ಜೊತೆಗಾತಿ ಬಾಳವ್ವನ ತಾಳ. ಎಲ್ಲೆಲ್ಲಿಯ ಜನರೋ ಕೇಳಿದರಂತೆ.

ಕೇಳಿದವರಲ್ಲಿ ಬೆಂಗಳೂರಿನ ಒಂದು ಸಿನಿಮಾ ಕಂಪನಿಯೂ ಇತ್ತು. ಅವರ ಪರವಾಗಿ ರೇವತಿ ಎಂಬ ಹೆಣ್ಣುಮಗಳು ಮುತ್ತಣ್ಣನ ಜೊತೆ ಫಕೀರವ್ವನ ಮನೆಗೆ ಬಂದಳು. ಸಿನಿಮಾದಲ್ಲಿ ಯಾವ ಹಾಡು ಬಳಸಬೇಕಾದರೂ ಅದರ ಒಡೆಯರನ್ನು ಹುಡುಕಿ ಒಪ್ಪಿಗೆ ಪಡೆಯುವುದು ಅವಳ ಕೆಲಸ. ಕುರ್ಚಿ ಬೇಡವೆಂದು ಚಾಪೆಯ ಮೇಲೆ ನನ್ನ ಎದುರಿಗೇ ಕುಳಿತಳು. ಒಳ್ಳೆಯ ಹುಡುಗಿ. ಕಾಲಿಗೆ ಎರೆಮಣ್ಣು ಮೆತ್ತಿಕೊಂಡಿದ್ದರೂ ಒರೆಸಿಕೊಳ್ಳಲು ಅವಸರ ಮಾಡಲಿಲ್ಲ.

"ಅಮ್ಮ, ಒಂದು ಹಾಡಿಗೆ ಬೇರೆ ಬೇರೆ ಒಡೆಯರು ಇರ್ತಾರೆ. ಮಾತು ಬರೆದವರು, ರಾಗ ಹಾಕಿದವರು, ಹಾಡಿದವರು, ರೆಕಾರ್ಡ್ ಮಾಡಿದವರು. ಹಾಡಿದ್ದು ನೀವು, ರೆಕಾರ್ಡ್ ಇವರದು. ಇದನ್ನ ಬರೆದವರು ಯಾರು?"

"ಯಾರೂ ಬರದಿಲ್ರಿ. ಪದ ಬರಿಯೂದಿಲ್ಲ ನಮ್ಮಲ್ಲಿ, ಕಟ್ಟತಾರ."

"ಸರಿ, ಕಟ್ಟಿದವರು?"

ಫಕೀರವ್ವ ನನ್ನ ಮೇಲಿನ ಕೌದಿಯ ಅಂಚು ಸರಿ ಮಾಡಿದಳು. "ಗುರುವಿಂದ ರೀ."

"ಗುರು ಅಂದರೆ?"

"ಪದದಾಗ ಐತಲ್ರಿ. ಗುರುನಿಂಗ."

"ಅಪ್ಪಾರು," ಎಂದ ಮುತ್ತಣ್ಣ. "ನಿಂಗಯ್ಯ ಮಾಸ್ತರ ಅಂತ. ನಮ್ಮ ತಂದಿ."

ರೇವತಿ ಅಷ್ಟಕ್ಕೇ ಬಿಡಲಿಲ್ಲ. "ಅಮ್ಮ, ಸರಿಯಾಗಿ ಯೋಚನೆ ಮಾಡಿ ಹೇಳಿ. ಮಾತು, ರಾಗ ಎರಡೂ ಅವರದೇನಾ? ನಿಮ್ಮದು ಏನಾದರೂ ಇದೆಯಾ ಇದರಲ್ಲಿ?"

ಅವಳು ಕೇಳಿದ್ದು ಕಾಗದಕ್ಕೆ ಬೇಕಾದ ಪ್ರಶ್ನೆ. ಫಕೀರವ್ವ ಕೇಳಿಸಿಕೊಂಡದ್ದು ಭಜನೆಯ ಪ್ರಶ್ನೆ. ಆ ಪ್ರಶ್ನೆಗೆ ಅವಳ ಊರಿನಲ್ಲಿ ಒಂದೇ ಉತ್ತರವಿತ್ತು. "ನಂದೇನೈತ್ರಿ ಅದರಾಗ. ಎಲ್ಲಾ ಗುರುವಿಂದು."

ಹೇಳಿದ ಮೇಲೆ ಅವಳ ಬೆರಳು ಕೌದಿಯ ಮೇಲೆ ತಡೆದು ನಿಂತಿತು. ಏನೋ ತಪ್ಪಿತು ಎಂದು ಅವಳಿಗೆ ಆಗ ಹೊಳೆದಿರಬೇಕು. ಆದರೆ ಮುತ್ತಣ್ಣನ ಕಡೆ ನೋಡಿದಳು. ಅವನು ಕಣ್ಣು ಒರೆಸಿಕೊಳ್ಳುತ್ತಿದ್ದ. ಅಪ್ಪ ಇದ್ದಾಗ ಅವರ ಕೈಗೆ ಒಂದು ದಿನವೂ ಒದಗದ ಮಗ ತಾನು, ಈಗ ಅಪ್ಪನ ಹೆಸರು ಪರದೆಯ ಮೇಲೆ ಬರುತ್ತದೆ ಎಂದು ಅವನು ರೇವತಿಗೆ ಹೇಳುತ್ತಿದ್ದ. ಅವನು ಕೂಡ ಪದ ಅಪ್ಪನದೇ ಎಂದು ನಂಬಿದ್ದವನು. ಫಕೀರವ್ವ ಚಹಾ ಇಡಲು ಎದ್ದಳು.

ಮುತ್ತಣ್ಣ ವಾರಸುದಾರನೆಂದು ಸಹಿ ಮಾಡಿದ. ಮುಂಗಡ ಬಂತು, ಹೊಸ ಕ್ಯಾಮೆರಾ ಬಂತು. ಸೋಮವಾರ ಅವನು ಕರಾರನ್ನು ಎಲ್ಲರಿಗೂ ಓದಿ ಬಿಡಿಸಿ ಹೇಳಿದ. ಪದವನ್ನು ಇನ್ನು ಮೇಲೆ ಬೇರೆ ಯಾವ ಸಿನಿಮಾದಲ್ಲಿ, ವಿಡಿಯೋದಲ್ಲಿ ಯಾರೂ ಬಳಸುವಂತಿಲ್ಲ. ಹಾಡಬಹುದು, ಆದರೆ ಹಾಡಿದ್ದು ಯಾರ ಫೋನಿಗೂ ಸಿಗಬಾರದು. ಮಾತು ಬದಲಿಸಬೇಕಾದರೆ ಬರೆದವರನ್ನು ಕೇಳಬೇಕು, ಅವರು ಬದುಕಿಲ್ಲದಿದ್ದರೆ ಕಂಪನಿಯ ಇಷ್ಟ.

"ಅಂದ್ರ ನಮ್ಮ ಎಮ್ಮಿ ಹಾಲು ನಾವ ಕುಡೀಬಹುದು, ಮೀಸಿಗೆ ಹತ್ತಬಾರದು," ಎಂದಳು ಬಾಳವ್ವ. ಎಲ್ಲರೂ ನಕ್ಕರು. ಆ ಹೊತ್ತಿಗೆ ಅದು ನಗೆಯ ಮಾತಾಗಿತ್ತು.

ಬಾಳವ್ವನ ಮಗಳ ಕುಬಸದ ದಿನ ನಗೆ ಬರಲಿಲ್ಲ. ಹಸಿರು ಸೀರೆಯುಟ್ಟು ಬಸುರಿ ಕುಳಿತಿದ್ದಳು. ಹೆಂಗಸರು ಮೆಣಸಿನಕಾಯಿಯ ಪದ ಬೇಕೇ ಬೇಕೆಂದರು. ಫಕೀರವ್ವ ನನ್ನ ತಿದಿ ತೆರೆದು ಮೊದಲ ಸಾಲು ಎತ್ತಿಕೊಂಡಳು. ಎತ್ತಿದ್ದೇ ತಡ ಫೋನುಗಳು ಎದ್ದವು. ಪುಣೆಯಲ್ಲಿದ್ದ ಬಾಳವ್ವನ ತಂಗಿಗೂ ಒಬ್ಬರು ಫೋನಿನಲ್ಲೇ ತೋರಿಸುತ್ತಿದ್ದರು. ಕ್ಯಾಮೆರಾ ಹಿಡಿದಿದ್ದ ಮುತ್ತಣ್ಣ ತನ್ನದನ್ನು ಇಳಿಸಿ, ಕೈ ಮುಂದೆ ಮಾಡಿದ.

"ಫೋನ ಇಳಸ್ರಿ ಯವ್ವಾ. ಈ ಪದ ಹಿಡೀಬ್ಯಾಡ್ರಿ. ಸಹಿ ಮಾಡೀನಿ ನಾ."

"ದನಕ್ಕ ಕಟ್ಟಿದಂಗ ಪದಕ್ಕ ದಾವಣಿ ಕಟ್ಟೀಯೇನೋ ಮುತ್ತಣ್ಣ?" ಎಂದಳು ಬಾಳವ್ವ. "ನನ್ನ ಮಗಳ ಕುಬಸಕ್ಕ ನಮ್ಮ ಪದ ಹಾಡಾಕ ಬೆಂಗಳೂರಿನವರನ್ನ ಕೇಳಬೇಕೇನು?"

"ನಾ ಏನ ಮಾಡ್ಲಿ ಅತ್ತಿ. ನಾಳೆ ನನ್ನ ಹಿಡೀತಾರ."

ಒಬ್ಬರು ಇಳಿಸಿದರೆ ಇನ್ನೊಬ್ಬರು ಎತ್ತುತ್ತಿದ್ದರು. ಫಕೀರವ್ವನ ಬೆರಳುಗಳು ನನ್ನ ಮೇಲೆ ಹಾಗೇ ನಿಂತಿದ್ದವು. ನನ್ನೊಳಗೆ ತುಂಬಿದ ಗಾಳಿಯೂ ನಿಂತಿತ್ತು. ಕೊನೆಗೆ ಅವಳು ಬೇರೊಂದು ಸೋಬಾನ ಎತ್ತಿದಳು. ಅಂದಿನಿಂದ ಆ ಪದವನ್ನು ಅವಳು ಬಾಗಿಲು ಹಾಕಿಕೊಂಡು ಹಾಡುತ್ತಿದ್ದಳು. ಬರಬರುತ್ತ ಅದನ್ನೂ ಬಿಟ್ಟಳು. ನನ್ನ ಮನೆಗಳ ಮೇಲೆ ಆ ಬಳಸು ದಾರಿಯಲ್ಲಿ ಬೆರಳುಗಳು ಓಡುತ್ತಿದ್ದವು, ತಿದಿ ಮಾತ್ರ ಮುಚ್ಚಿರುತ್ತಿತ್ತು. ಉಸಿರಿಲ್ಲದೆ ನುಡಿಸಿಕೊಳ್ಳುವುದು ಎಂಥದೆಂದು ನಾನು ಕಲಿತದ್ದು ಆಗ.

ಮಳೆ ನಿಂತ ಮೇಲೆ ರೇವತಿಯ ಫೋನು ಬಂತು. ಸಂಗೀತ ನಿರ್ದೇಶಕರಿಗೆ ನನ್ನ ಒರಟು ದನಿಯೇ ಬೇಕಂತೆ. ಪೇಟಿಯನ್ನು ತನ್ನಿ, ಹಾಡುವವರಿಗೆ ಪದದ ತಿರುವುಗಳನ್ನು ತೋರಿಸಲು ಅಮ್ಮನೂ ಬರಲಿ ಎಂದಳು. ಕೌದಿಯಲ್ಲಿ ಸುತ್ತಿ ಫಕೀರವ್ವ ನನ್ನನ್ನು ರೈಲಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಳು. ಕೆಳಗಿಡು ಎಂದು ಮುತ್ತಣ್ಣ ಹೇಳಿದರೂ ಕೇಳಲಿಲ್ಲ.

ಬೆಂಗಳೂರಿನ ಆ ಸ್ಟುಡಿಯೋದಲ್ಲಿ ಕಿಟಕಿಯಿರಲಿಲ್ಲ. ಗೋಡೆಗೆಲ್ಲ ಸ್ಪಂಜು ಹೊದಿಸಿದ್ದರು. ಅಲ್ಲಿ ಸ್ವರ ಹೊರಟ ಕೂಡಲೇ ಸಾಯುತ್ತದೆ. ಗುಬ್ಬಿಕೊಪ್ಪದಲ್ಲಿ ನನ್ನ ಕೂಗು ಪಡಸಾಲೆ ದಾಟಿ, ಅಂಗಳ ದಾಟಿ, ಎತ್ತಿನ ಕಿವಿ ಅಲುಗಿಸಿ ಬರುತ್ತಿತ್ತು. ಇಲ್ಲಿ ಎದುರಿನ ಮೈಕು ಅದನ್ನು ಕುಡಿದುಬಿಡುತ್ತಿತ್ತು. ಒಬ್ಬ ಮೆಕ್ಯಾನಿಕ್ ನನ್ನ ಹೊಟ್ಟೆ ಬಿಚ್ಚಿದ. ಬ್ರಷ್ಷು ಹಾಕುತ್ತಿದ್ದಂತೆ ಮೇಲಿಂದ ಮೇಲೆ ಸೀನಿದ. "ಏನ್ರೀ ಇದು, ಪೆಟ್ಟಿಗೆಯೋ ಖಾರದ ಡಬ್ಬಿಯೋ?" ಎಂದ. ಅವನು ಮುಚ್ಚಿದಾಗ ನನ್ನ ಮೂಕ ಮನೆಗೆ ದನಿ ಬಂದಿತ್ತು. ಫಕೀರವ್ವನ ಬೆರಳು ತಪ್ಪಿ ಅದರ ಮೇಲೆ ಬಿದ್ದಾಗ ಅವಳು ಬಿಸಿ ತಗಲಿದವಳಂತೆ ಕೈ ಹಿಂದೆಗೆದುಕೊಂಡಳು.

ನಿರ್ದೇಶಕರು ಮೆತ್ತಗೆ ಮಾತನಾಡುವ ಮನುಷ್ಯ. ಅವಳ ಹಾಡನ್ನು ಕಣ್ಣು ಮುಚ್ಚಿ ಕೇಳಿ ಕೈ ಮುಗಿದರು. ಆಮೇಲೆ ಹೇಳಿದರು.

"ಅಮ್ಮ, ತಪ್ಪು ತಿಳ್ಕೋಬೇಡಿ. ಇದನ್ನ ನಮ್ಮ ಹೀರೋಯಿನ್ ಹಾಡ್ತಾಳೆ, ಪ್ರೀತಿಸಿದವನು ಬಿಟ್ಟು ಹೋದಾಗ. ಗುರುನಿಂಗ ಅಂದರೆ ಜನಕ್ಕೆ ಯಾರೂ ಅಂತ ಗೊತ್ತಾಗಲ್ಲ. ಕೊನೇ ಸಾಲು ಸ್ವಲ್ಪ ಬದಲಾಯಿಸಿದ್ದೀವಿ. ನಲ್ಲನೇ ಬಲ್ಲಾನ ಉರಿಯೊಳಗಿನ ತಂಪ."

ಫಕೀರವ್ವ ಮುತ್ತಣ್ಣನ ಕಡೆ ತಿರುಗಿದಳು. ಮುತ್ತಣ್ಣನ ಚಪ್ಪಲಿಯಿಲ್ಲದ ಪಾದಗಳು ಕಾರ್ಪೆಟ್ಟಿನ ಮೇಲೆ ಅತ್ತಿತ್ತ ಆಡಿದವು.

"ಸರ್, ಅದು ನಮ್ಮ ಅಪ್ಪಾರ ಹೆಸರು."

"ಗೊತ್ತು. ಪರದೆ ಮೇಲೆ ಅವರ ಹೆಸರು ಹಾಕ್ತೀವಿ. ಸಾಹಿತ್ಯ, ರಾಗ, ನಿಂಗಯ್ಯನವರು ಅಂತಾನೇ ಬರತ್ತೆ."

"ಸಾಹಿತ್ಯ ಅವರದು, ಅದರಾಗ ನಲ್ಲ ನಿಮ್ಮಾಂವ," ಎಂದಳು ಫಕೀರವ್ವ ಮೆಲ್ಲಗೆ. "ಗುರುವಿನ ಜಾಗಾದಾಗ ಮಿಂಡನ್ನ ಕುಂದರಿಸಿದ್ರಿ. ಊರಾಗ ಈ ಪದ ಹಾಡಾಕಿ ನಾ. ನಾ ಹೆಂಗ ತಿರಗ್ಯಾಡ್ಲಿ?"

ರೇವತಿಗೆ ಕಷ್ಟವಾಯಿತು. ಅವಳು ಬಂದು ನೆಲದ ಮೇಲೆ ಕುಳಿತಳು. "ಅಮ್ಮ, ಕರಾರಿನಲ್ಲಿ ಇದೆ. ಬರೆದವರು ಬದುಕಿದ್ದಿದ್ದರೆ ಅವರನ್ನ ಕೇಳದೆ ಒಂದಕ್ಷರ ಮುಟ್ಟೋಕೆ ನಾನೇ ಬಿಡ್ತಿರಲಿಲ್ಲ. ಆದರೆ ಅವರು ಇಲ್ಲವಲ್ಲ."

ಫಕೀರವ್ವನ ಎಡಗೈ ನನ್ನ ತಿದಿಯ ಮೇಲಿತ್ತು, ಬಲಗೈ ಮನೆಗಳ ಮೇಲೆ. ಗುರುವಿನ ಹೆಸರು ಪದದಲ್ಲಿ ಉಳಿಯಬೇಕೆಂದರೆ ಪದ ಗುರುವಿನದಲ್ಲ ಎನ್ನಬೇಕು. ಗುರು ಯಾವುದನ್ನು ಆಡಬೇಡ ಎಂದು ಕಲಿಸಿದ್ದರೋ ಅದನ್ನೇ ಆಡಬೇಕು, ಅದೂ ಅವರ ಮಗನ ಎದುರಿಗೆ. ಆಡದೆ ಎದ್ದು ಹೋದರೆ ಅಂಕಿತವಿದ್ದಲ್ಲಿ ಎಂದೆಂದಿಗೂ ನಲ್ಲ ಕುಳಿತಿರುತ್ತಾನೆ. ಹೊರಗೆ ದಾರಿ ಬಿಡದ ಆ ಕೋಣೆಯ ಗೋಡೆಗಳು ಅವಳಿಗೂ ನನಗೂ ಒಂದೇ ಆಗಿದ್ದವು.

"ಬದುಕ್ಯಾಳ್ರಿ," ಎಂದಳು.

"ಏನಂದ್ರಿ?"

"ಪದ ಕಟ್ಟಿದಾಕಿ ಬದುಕ್ಯಾಳ್ರಿ."

ರೇವತಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಮುತ್ತಣ್ಣನಿಗೆ ಬೇಕಾಗಲಿಲ್ಲ. ಕಟ್ಟಿದಾಂವ ಅಲ್ಲ, ಕಟ್ಟಿದಾಕಿ. ಮಾತಿನ ಆ ಬಾಲ ಅವನನ್ನು ನಿಂತಲ್ಲೇ ನಿಲ್ಲಿಸಿತು. ನಿಧಾನವಾಗಿ ನಮ್ಮ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ.

"ಅಕ್ಕಾ, ಅಪ್ಪಗ ಗೊತ್ತಿತ್ತೇನು?"

"ಗೊತ್ತಿತ್ತು."

"ಏನ ಅಂದ?"

"ಏನೂ ಅನ್ನಲಿಲ್ಲ. ನಕ್ಕರು."

ನಿರ್ದೇಶಕರು ಗಡಿಯಾರ ನೋಡಿಕೊಂಡರು. ರೇವತಿಯ ದನಿ ಬಿಗಿಯಾಯಿತು. "ಮುತ್ತಣ್ಣ, ಹಾಡು ನಿಮ್ಮ ತಂದೆಯವರದು ಅಂತ ನೀವು ಸಹಿ ಮಾಡಿದ್ದೀರಿ. ಇವರು ಅಲ್ಲ ಅಂತಿದ್ದಾರೆ. ಇವರ ಹತ್ತಿರ ಸಾಕ್ಷಿ ಏನೂ ಇಲ್ಲ. ಈಗ ನೀವು ಹೇಳಿ."

ಅವನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆಕೆಗೆ ವಯಸ್ಸಾಗಿದೆ ಎಂದಿದ್ದರೂ ಸಾಕಾಗಿತ್ತು. ಅಪ್ಪನ ಹೆಸರು ಪರದೆಯ ಮೇಲೆ ಬರುತ್ತಿತ್ತು, ಕ್ಯಾಮೆರಾ ಉಳಿಯುತ್ತಿತ್ತು. ಅವನು ಬಹಳ ಹೊತ್ತು ನನ್ನನ್ನು ನೋಡಿದ, ನಾನೇ ಹೇಳಲಿ ಎಂಬಂತೆ.

"ಆಕಿ ಸುಳ್ಳ ಹೇಳೂದಿಲ್ರಿ," ಎಂದ.

ಆಮೇಲಿನ ಮಾತುಗಳು ಬೇಗ ಮುಗಿದವು. ಮಾತು ಬೇಡ, ಧಾಟಿಯನ್ನಷ್ಟೇ ಕೊಡಿ ಎಂದರು ನಿರ್ದೇಶಕರು. "ಅದೂ ನಂದ ರೀ," ಎಂದಳು ಫಕೀರವ್ವ. ಒಮ್ಮೆ ಆಡಿದ ಮಾತು ಎರಡನೆಯ ಸಲ ಅಷ್ಟು ಭಾರವಾಗಲಿಲ್ಲ. ಹಾಗಾದರೆ ನೀವೇ ಸಹಿ ಮಾಡಿ ಎಂದಳು ರೇವತಿ. ಫಕೀರವ್ವ ಎರಡೇ ಕೇಳಿದಳು. ಗುರುನಿಂಗ ತನ್ನ ಜಾಗದಲ್ಲಿ ಇರುತ್ತಾನೆಯೇ, ಬಾಳವ್ವನ ಮನೆಯಲ್ಲಿ ಫೋನಿನ ಮುಂದೆ ಹಾಡಬಹುದೇ. ಮೊದಲನೆಯದಕ್ಕೆ ನಿರ್ದೇಶಕರು ಒಪ್ಪುವಂತಿದ್ದರು. ಎರಡನೆಯದಕ್ಕೆ ಇಲ್ಲವೆಂದು ತಲೆಯಾಡಿಸಿದರು. ಎಲ್ಲರೂ ಹಾಡುವ ಹಾಡಿಗೆ ನಿರ್ಮಾಪಕರು ಹಣ ಹಾಕುವುದಿಲ್ಲವಂತೆ. ಬೇರೆ ಹಾಡು ನೋಡೋಣ ಎಂದು ಎದ್ದರು. ಮೈಕಿನ ಕೆಂಪು ದೀಪ ಆರಿತು.

ಮರಳಿಸಬೇಕಾದ ಮುಂಗಡ ಉಳಿಯಿತು. ಮುತ್ತಣ್ಣನ ಹತ್ತಿರ ಅದು ಕ್ಯಾಮೆರಾ ಆಗಿ ಹೋಗಿತ್ತು. ನನ್ನ ದನಿ ಹಿಡಿಸಿದ್ದ ನಿರ್ದೇಶಕರೇ ದಾರಿ ತೋರಿಸಿದರು. "ಪೇಟಿ ಬಿಟ್ಟು ಹೋಗಿ. ಅದನ್ನ ಮುಂಗಡಕ್ಕೆ ವಜಾ ಹಾಕೋಣ."

ಮುತ್ತಣ್ಣ ಫಕೀರವ್ವನನ್ನು ನೋಡಲಿಲ್ಲ. "ನೀ ಸುಮ್ಮಿದ್ದಿದ್ರ ಅಪ್ಪನ ಹೆಸರ ಪರದೆ ಮ್ಯಾಲೆ ಬರತಿತ್ತು ಅಕ್ಕಾ."

"ಬರತಿತ್ತು. ಪದದಾಗ ಇರತಿದ್ದಿಲ್ಲ."

"ಪರದೆ ಲೋಕ ನೋಡತಿತ್ತು."

"ಪದ ನಾವ ಹಾಡತೀವಿ, ಮುತ್ತಣ್ಣ."

ಅವನು ಎದ್ದು ನಿರ್ದೇಶಕರಿಗೆ, "ತಗೋರಿ ಸರ್. ಚುಕ್ತಾ ಮಾಡ್ರಿ," ಎಂದ.

ಫಕೀರವ್ವನ ಕೈ ನನ್ನ ಮೇಲೆಯೇ ಇತ್ತು. ಅಷ್ಟು ವರ್ಷ ಒರೆಸಿದವಳು, ಹೊದಿಸಿದವಳು, ತೊಡೆಯ ಮೇಲೆ ಹೊತ್ತು ತಂದವಳು. ಪದ ನನ್ನದು ಎಂದು ಈಗಷ್ಟೇ ಬಾಯಿ ಬಿಟ್ಟವಳಿಗೆ ಪೇಟಿ ನನ್ನದು ಎನ್ನಲು ಬರಲಿಲ್ಲ. ನಾನು ಮುತ್ತಣ್ಣನ ಸ್ವತ್ತು, ಅದು ಅವಳಿಗೆ ಗೊತ್ತು. ತಿದಿಯನ್ನು ಒತ್ತಿ ಒಳಗೆ ಉಳಿದಿದ್ದ ಗಾಳಿಯನ್ನೆಲ್ಲ ಹೊರಗೆ ಬಿಟ್ಟಳು, ಕೊಂಡಿ ಹಾಕಿದಳು. ಹಣೆ ತಂದು ನನ್ನ ಮುಚ್ಚಳಕ್ಕೆ ಮುಟ್ಟಿಸಿದಳು. ಆಮೇಲೆ ಕೌದಿಯನ್ನು ಕೊಡವಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಅದು ಅವಳು ಹೊಲಿದದ್ದು.

ಬಾಗಿಲ ತನಕ ಮುತ್ತಣ್ಣ ಮುಂದೆ, ಅವಳು ಹಿಂದೆ. ಬಾಗಿಲ ಹತ್ತಿರ ಅವನು ನಿಂತು, ಭಾರವಾದ ಆ ಬಾಗಿಲನ್ನು ಅವಳಿಗಾಗಿ ಹಿಡಿದುಕೊಂಡ. ಬಾಗಿಲು ಮುಚ್ಚಿದ ಸದ್ದನ್ನು ಸ್ಪಂಜು ಕುಡಿದುಬಿಟ್ಟಿತು.

ಈಗ ನಾನು ಮುದುಕ. ಸ್ಟುಡಿಯೋದ ಮೂಲೆಯ ಕಪಾಟಿನಲ್ಲಿ, ಮುರಿದ ತಂಬೂರಿಗೂ ಹರಿದ ಡೋಲಿಗೂ ನಡುವೆ ನನ್ನ ಜಾಗ. ಹಳ್ಳಿಯ ದೃಶ್ಯ ಬಂದರೆ ನನ್ನನ್ನು ಇಳಿಸುತ್ತಾರೆ. ಮನೆಗಳೆಲ್ಲ ಸರಿಯಾಗಿವೆ, ನುಂಗುವ ಮಾತು ಒಂದೂ ಉಳಿದಿಲ್ಲ. ಬರುವವರ ಬೆರಳುಗಳು ಮೆತ್ತಗಿವೆ, ನೇರ ದಾರಿಯಲ್ಲಿ ಹೋಗುತ್ತವೆ. ಪ್ರತಿ ಸಲವೂ ಯಾರ ಮಾತು, ಯಾರ ರಾಗ, ಯಾರ ದನಿ ಎಂದು ಕಾಗದಕ್ಕೆ ಸಹಿ ಬೀಳುತ್ತದೆ. ಯಾರ ಉಸಿರು ಎಂದು ನನ್ನನ್ನು ಯಾರೂ ಕೇಳಿಲ್ಲ.

ಒಮ್ಮೆ ರೇವತಿ ಬಂದಿದ್ದಳು. ಗುಬ್ಬಿಕೊಪ್ಪಕ್ಕೆ ಫೋನು ಮಾಡಿದ್ದಳಂತೆ. ಸೋಮವಾರದ ಭಜನೆ ಈಗ ಬರೀ ತಾಳದ ಮೇಲೆ ನಡೆಯುತ್ತದೆ, ಮೆಣಸಿನಕಾಯಿಯ ಪದವನ್ನು ಬಾಗಿಲು ತೆರೆದೇ ಹಾಡುತ್ತಾರೆ, ಕಡೆಯ ಸಾಲಿನಲ್ಲಿ ಗುರುನಿಂಗ ಇದ್ದಾನೆ ಎಂದು ಮೆಕ್ಯಾನಿಕ್ಕಿಗೆ ಹೇಳುತ್ತಿದ್ದಳು. ಮುತ್ತಣ್ಣ ಭಜನೆಗೆ ಬರುವುದನ್ನು ಬಿಟ್ಟಿದ್ದಾನಂತೆ. ಫಕೀರವ್ವ ಪೇಟಿಯ ಸುದ್ದಿ ಕೇಳಿದಳೇ ಎಂದು ಮೆಕ್ಯಾನಿಕ್ ವಿಚಾರಿಸಿದ. ಇಲ್ಲ ಎಂದಳು ರೇವತಿ.

ನನಗೆ ಅದರಲ್ಲಿ ಬೇಸರವಿಲ್ಲ. ಒತ್ತೆ ಇಟ್ಟ ವಸ್ತುವಾಗಿದ್ದರೆ ಅವಳು ಕೇಳಿಯೇ ಕೇಳುತ್ತಿದ್ದಳು, ಎಂದಾದರೊಂದು ದಿನ ಬಿಡಿಸಿಕೊಳ್ಳಲು ಯಾರಾದರೂ ಬರುತ್ತಿದ್ದರು. ಲೆಕ್ಕ ತೀರಿ ಚುಕ್ತಾ ಆದದ್ದಕ್ಕೆ ಯಾರೂ ಬರುವುದಿಲ್ಲ.